ಕೇಳಿ, ಹೇಳ್ತೀನಿ: ಉರಿಯೂತ ಹತ್ತೋದು ಸುಲಭ, ಆರೋದೇ ಕಷ್ಟ

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಪದ ಹಿಡ್ಕೊಂಡು ಬಂದಿವೆ, ಇನ್‌ಫ್ಲಮೇಶನ್, ಅಂದ್ರೆ ಉರಿಯೂತ. ಹಾಗಾಗಿ ಕೂದಲು ಉದುರೋದು, ನಿದ್ದೆ ಬರದೇ ಇರೋದು ಎಲ್ಲಾನೂ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಒಟ್ಟಿಗೆ ತಗೊಂಡಿದೀನಿ. ಕೆಲವು ಪ್ರಶ್ನೆಗಳು ಮೂರು ಪುಟ ಇದ್ವು, ಕತ್ತರಿ ಹಾಕಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಆಫೀಸಿನವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಹೆಚ್‌ಎಸ್-ಸಿಆರ್‌ಪಿ 4.2 ಅಂತ ಬಂದು ಪಕ್ಕದಲ್ಲಿ ಕೆಂಪು ಬಾಣ ಹಾಕಿದ್ದಾರೆ. ಜ್ವರ ಇಲ್ಲ, ನೋವಿಲ್ಲ, ಆರಾಮಾಗಿ ಓಡಾಡ್ಕೊಂಡಿದೀನಿ. ನೆಟ್‌ನಲ್ಲಿ ನೋಡಿದ್ರೆ ಕ್ರಾನಿಕ್ ಇನ್‌ಫ್ಲಮೇಶನ್ ಎಲ್ಲಾ ರೋಗಕ್ಕೂ ಮೂಲ ಅಂತಾರೆ. ನನ್ನ ಮೈಯಲ್ಲಿ ಇದು ಎಲ್ಲಿದೆ, ಹೇಗೆ ಬಂತು?

ಉತ್ತರ: ಮೊದಲು ಆ 4.2ರ ವಿಷಯ ಮುಗಿಸ್ಕೊಂಡುಬಿಡೋಣ. ಸಿಆರ್‌ಪಿ ಅನ್ನೋದು ಲಿವರ್ ತಯಾರು ಮಾಡೋ ಒಂದು ಪ್ರೋಟೀನು, ಹೆಚ್‌ಎಸ್ ಅಂದ್ರೆ ಅದನ್ನ ಸೂಕ್ಷ್ಮವಾಗಿ ಅಳೆಯೋ ಟೆಸ್ಟು. ಮೈಯಲ್ಲಿ ಎಲ್ಲಾದ್ರೂ ರಕ್ಷಣಾ ಕಣಗಳು ಗಲಾಟೆ ಎಬ್ಬಿಸಿದ್ರೆ ಅವು ಐಎಲ್-6 ಅನ್ನೋ ರಾಸಾಯನಿಕ ಸಂದೇಶವನ್ನ ರಕ್ತಕ್ಕೆ ಬಿಡ್ತವೆ, ಅದು ಲಿವರ್ ಮುಟ್ಟಿದ ಮೇಲೆ ಲಿವರ್ ಸಿಆರ್‌ಪಿ ಸುರಿಯೋಕೆ ಶುರು ಮಾಡುತ್ತೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದಿದ್ದು. ಹೊಗೆ ಇದ್ದಂಗೆ ಇದು, ಎಲ್ಲೋ ಬೆಂಕಿ ಇದೆ ಅನ್ನುತ್ತೆ, ಯಾವ ಮೂಲೇಲಿ ಅಂತ ಹೇಳಲ್ಲ. ಹೃದಯದ ಲೆಕ್ಕದಲ್ಲಿ ನೋಡಿದ್ರೆ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿದ್ರೆ ಅಪಾಯ ಕಮ್ಮಿ, 1ರಿಂದ 3 ಮಧ್ಯಮ, 3 ದಾಟಿದ್ರೆ ಜಾಸ್ತಿ. 10 ದಾಟಿದ್ರೆ ಸಾಮಾನ್ಯವಾಗಿ ಯಾವುದೋ ಸೋಂಕೋ ಗಾಯಾನೋ ಇರುತ್ತೆ, ಆಗ ಹೃದಯದ ಲೆಕ್ಕ ಹಾಕೋಕೇ ಹೋಗಲ್ಲ. ಈಗ ನೀವು ನೆನಪು ಮಾಡ್ಕೊಳ್ಳಿ, ರಕ್ತ ಕೊಡೋಕೆ ಮುಂಚಿನ ವಾರ ನೆಗಡಿ ಆಗಿತ್ತಾ, ಹಲ್ಲುನೋವು ಇತ್ತಾ, ಎಲ್ಲಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡಿದ್ರಾ? ಇದ್ರೆ ಆ 4.2ಗೆ ಅಷ್ಟೇ ಕಾರಣ ಸಾಕು. ಮೈ ಹುಷಾರಾಗಿರೋ ಟೈಮಲ್ಲಿ, ಎರಡು ಮೂರು ವಾರ ಬಿಟ್ಟು ಇನ್ನೊಂದ್ಸಲ ಮಾಡಿಸಿ. ಸಿಆರ್‌ಪಿ ರಕ್ತದಲ್ಲಿ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತೆ, ಅಂದ್ರೆ ಕಾರಣ ಹೋದ ಮೇಲೆ ಅದು ಕೂತಿರೋ ಗಿರಾಕಿ ಅಲ್ಲ. ಮತ್ತೆ ಮಾಡಿಸಿದಾಗಲೂ 4ರ ಹತ್ರಾನೇ ಇದ್ರೆ ಆಗ ಹುಡುಕೋದು ಶುರು.

ಇನ್ನು ಹೇಗೆ ಬಂತು ಅನ್ನೋದು. ನಮ್ಮ ಪದಾನೇ ನೋಡಿ, ಉರಿಯೂತ, ಉರಿ ಮತ್ತು ಊತ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟಿದ್ದ, ಕೆಂಪಾಗೋದು, ಊದೋದು, ಬಿಸಿಯಾಗೋದು, ನೋಯೋದು. ನಮ್ಮೋರು ಒಂದೇ ಪದದಲ್ಲಿ ಮೂರು ಹಿಡಿದುಬಿಟ್ಟಿದ್ದಾರೆ, ಯಾಕಂದ್ರೆ ಉರಿಯಲ್ಲಿ ಬಿಸೀನೂ ಇದೆ ನೋವೂ ಇದೆ. ಬೆರಳಿಗೆ ಮುಳ್ಳು ಚುಚ್ಚಿದ್ರೆ ಈ ನಾಲ್ಕನ್ನೂ ಕಣ್ಣಾರೆ ನೋಡಬಹುದು. ಮುಳ್ಳು ಅಂದ ಕೂಡ್ಲೆ ನಂಗೆ ಯಾವಾಗ್ಲೂ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನೆನಪಾಗ್ತಾನೆ, 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಕೂತು ಗಾಜಿನ ಥರ ಪಾರದರ್ಶಕವಾಗಿರೋ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ, ಬೆಳಗ್ಗೆ ಎದ್ದು ನೋಡಿದ್ರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಗೆ ಹಾಕಿದ್ವು. ಅದೇ ದಾರಿ ಹಿಡಿದು ಹೋಗಿ 1908ರಲ್ಲಿ ನೊಬೆಲ್ ಹಂಚ್ಕೊಂಡ.

ನಮ್ಮ ಬೆರಳಲ್ಲೂ ಅದೇ ಆಗೋದು. ಅಲ್ಲೇ ಕಾವಲಿಗಿರೋ ಕಣಗಳು ಹಿಸ್ಟಮಿನ್ ಥರದ್ದನ್ನ ಬಿಡ್ತವೆ, ರಕ್ತನಾಳ ಹಿಗ್ಗಿ ಸೋರುತ್ತೆ, ಅದಕ್ಕೇ ಕೆಂಪು ಮತ್ತು ಊತ. ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಗ್ಗಿ ಸಿಕ್ಕಿದ್ದನ್ನ ನುಂಗಿ, ಸುಟ್ಟು, ಒಂದೆರಡು ದಿನದಲ್ಲಿ ತಾವೂ ಸಾಯ್ತವೆ. ಕೀವು ಅಂತೀವಲ್ಲ, ಅದರಲ್ಲಿ ಹೆಚ್ಚಿನದು ಇವುಗಳ ಹೆಣಾನೇ. ಹಿಂದೆಯೇ ಮ್ಯಾಕ್ರೋಫೇಜ್ ಅನ್ನೋ ದೊಡ್ಡ ನುಂಗೋ ಕಣಗಳು ಬಂದು ಹೆಣಗಳನ್ನ ತಿಂದು ಮುಗಿಸ್ತವೆ, ಮತ್ತೆ ಮಜಾ ಏನಂದ್ರೆ ಹಾಗೆ ತಿಂದ ಮೇಲೆ ಅವುಗಳ ವರಸೆಯೇ ಬದಲಾಗುತ್ತೆ, ಜಗಳ ಬಿಟ್ಟು ರಿಪೇರಿ ಕೆಲಸಕ್ಕೆ ಇಳೀತವೆ. ಮೊದಲೆಲ್ಲ ಏನಂದ್ಕೊಂಡಿದ್ರು ಅಂದ್ರೆ ಸೌದೆ ಮುಗಿದ್ರೆ ಬೆಂಕಿ ತಾನಾಗೇ ಆರುತ್ತೆ ಅಂತ. ಹಾಗಲ್ಲ, ಆರಿಸೋದಕ್ಕೇ ಬೇರೆ ವ್ಯವಸ್ಥೆ ಇದೆ. 2000ದ ಆಸುಪಾಸಲ್ಲಿ ಚಾರ್ಲ್ಸ್ ಸೆರ್ಹಾನ್ ತಂಡದವರು ರಿಸಾಲ್ವಿನ್ ಅಂತ ಹೆಸರಿಟ್ಟ ವಸ್ತುಗಳನ್ನ ಕಂಡ್ರು, ಒಮೆಗಾ-3 ಕೊಬ್ಬಿನಿಂದ ದೇಹ ತಯಾರು ಮಾಡ್ಕೊಳ್ಳೋದು ಇವನ್ನ, "ಸಾಕು, ಇನ್ನು ಮನೆಗೆ ನಡೀರಿ" ಅಂತ ಕಣಗಳಿಗೆ ಹೇಳೋದೇ ಇವುಗಳ ಕೆಲಸ.

ಕ್ರಾನಿಕ್ ಅಂದ್ರೆ ಈ "ಸಾಕು" ಅನ್ನೋ ಮಾತು ಬರದೇ ಹೋಗಿರೋದು. ಕೆಲವು ಸಲ ಮುಳ್ಳೇ ಹೊರಗೆ ಬರಲ್ಲ, ಟಿಬಿ ಬ್ಯಾಕ್ಟೀರಿಯಾ, ಹೆಪಟೈಟಿಸ್ ಬಿ ಸಿ ವೈರಸ್, ಕಲ್ಲುಗಣಿಯವರ ಶ್ವಾಸಕೋಶದಲ್ಲಿ ಕೂತ ಸಿಲಿಕಾ ಧೂಳು, ಗೌಟ್ ಇರೋರ ಕೀಲಲ್ಲಿ ಕೂತ ಯೂರಿಕ್ ಆ್ಯಸಿಡ್ ಹರಳು. ಕೆಲವು ಸಲ ಮುಳ್ಳೇ ಇರಲ್ಲ, ದೇಹ ತನ್ನದೇ ಅಂಗಾಂಶವನ್ನ ಪರಕೀಯ ಅಂದ್ಕೊಂಡುಬಿಡುತ್ತೆ, ಅದು ಆಟೋಇಮ್ಯೂನ್. ನಿಮ್ಮಂಥ ಆರಾಮಾಗಿರೋರಲ್ಲಿ ಹೆಚ್ಚಾಗಿ ಇವೆರಡೂ ಇರಲ್ಲ, ಮೂರನೇದು ಇರುತ್ತೆ, ಅದೇ ಹೊಟ್ಟೆಯೊಳಗಿನ ಕೊಬ್ಬು. ಸೊಂಟದ ಅಳತೆ ನೀವು ಬರೆದಿಲ್ಲ, ಬರೀಬೇಕಿತ್ತು.

ಕೊಬ್ಬಿನ ಕೋಶ ಬರೀ ಡಬ್ಬಿ ಅಲ್ಲ. ತುಂಬ್ತಾ ತುಂಬ್ತಾ ಅದು ಉಬ್ಬಿ, ಆಕ್ಸಿಜನ್ ಸಾಲದೆ ಒದ್ದಾಡಿ, ಕೆಲವು ಸತ್ತೂ ಹೋಗ್ತವೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸತ್ತ ಒಂದೊಂದು ಕೋಶದ ಸುತ್ತಲೂ ಮ್ಯಾಕ್ರೋಫೇಜ್‌ಗಳು ಕಿರೀಟ ಇಟ್ಟಂಗೆ ಸುತ್ತುವರಿದು ನಿಂತಿರ್ತವೆ, ಎಣ್ಣೆ ಹನಿ ದೊಡ್ಡದು, ನುಂಗೋಕೂ ಆಗಲ್ಲ ಬಿಟ್ಟು ಹೋಗೋಕೂ ಆಗಲ್ಲ, ನಿಂತಲ್ಲೇ ಐಎಲ್-6 ಮತ್ತು ಟಿಎನ್‌ಎಫ್ ಅನ್ನೋ ಇನ್ನೊಂದು ಉರಿಯೂತದ ಸಂದೇಶ ಬಿಡ್ತಾ ಇರ್ತವೆ. 1993ರಲ್ಲಿ ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಸಿಕ್ಕಿ, ಅದನ್ನ ತಡೆದ್ರೆ ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡುತ್ತೆ ಅಂತ ಗೊತ್ತಾದಾಗಲೇ ಸಕ್ಕರೆ ಕಾಯಿಲೆಗೂ ಉರಿಯೂತಕ್ಕೂ ನಂಟು ಇದೆ ಅಂತ ಜನ ಗಂಭೀರವಾಗಿ ತಗೊಂಡಿದ್ದು. ಇದಕ್ಕೆ ಸಿಗರೇಟು, ಕೆಟ್ಟ ಗಾಳಿ, ನಿದ್ದೆಗೆಡೋದು, ಕೂತಲ್ಲೇ ಕೂರೋದು, ವಯಸ್ಸು ಎಲ್ಲಾ ಒಂದೊಂದು ಕಡ್ಡಿ ಸೇರಿಸ್ತವೆ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ, ಮೇಲೆ ಏನೂ ಕಾಣಲ್ಲ, ನಿಮಗೆ ನೋವಿಲ್ಲದೇ ಇರೋದು ಅದಕ್ಕೇ. ಆದ್ರೆ ಎಲ್ಲಾ ರೋಗಕ್ಕೂ ಇದೇ ಮೂಲ ಅನ್ನೋದು ಅತಿಯಾಯ್ತು. ಎಷ್ಟೋ ರೋಗದಲ್ಲಿ ಇದು ಕಾರಣ, ಎಷ್ಟೋ ರೋಗದಲ್ಲಿ ಬರೀ ಜೊತೆಗೆ ಬಂದಿದ್ದು, ಕೆಲವದರಲ್ಲಿ ಎರಡೂ.

ಪ್ರಶ್ನೆ: ಅಮ್ಮನಿಗೆ 61, ಏಳು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಎದ್ದು ಒಂದು ಗಂಟೆ ಮುಷ್ಟಿ ಕಟ್ಟೋಕಾಗಲ್ಲ, ಲೋಟ ಎರಡೂ ಕೈಯಲ್ಲಿ ಹಿಡೀತಾರೆ. ಹೀಮೋಗ್ಲೋಬಿನ್ 9.4. ಆರು ತಿಂಗಳು ಐರನ್ ಮಾತ್ರೆ ತಗೊಂಡ್ರೂ ಏರಿಲ್ಲ. ಈಗ ಇನ್ನೊಂದು ಟೆಸ್ಟಲ್ಲಿ ಫೆರಿಟಿನ್ 310, ಐರನ್ ದಾಸ್ತಾನು ಜಾಸ್ತಿನೇ ಇದೆ ಅಂತ ಬಂದಿದೆ. ರಕ್ತ ಕಮ್ಮಿ ಅಂತಾರೆ, ಐರನ್ ಜಾಸ್ತಿ ಅಂತಾರೆ, ಯಾವ ಲ್ಯಾಬ್ ತಪ್ಪು ಮೇಡಂ?

ಉತ್ತರ: ಎರಡೂ ಸರಿ. ಈ ತಿಂಗಳ ಪ್ರಶ್ನೆಗಳಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಇದು, ಉರಿಯೂತ ಒಂದು ಕಡೆ ಇದ್ದು ಇಡೀ ಮೈಯನ್ನ ಹೇಗೆ ಆಡಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಬ್ಯಾಕ್ಟೀರಿಯಾಗಳಿಗೆ ಬೆಳೆಯೋಕೆ ಕಬ್ಬಿಣ ಬೇಕು. ಅದಕ್ಕೇ ಸೋಂಕಿನ ವಾಸನೆ ಬಂದ ಕೂಡ್ಲೆ ದೇಹ ಮಾಡೋ ಹಳೇ ಉಪಾಯ ಏನಂದ್ರೆ ಕಬ್ಬಿಣವನ್ನ ಬಚ್ಚಿಡೋದು. ಮೇಲೆ ಹೇಳಿದ ಅದೇ ಐಎಲ್-6 ಲಿವರ್‌ಗೆ ಹೋಗಿ ಸಿಆರ್‌ಪಿ ಜೊತೆಗೆ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನೂ ಮಾಡಿಸುತ್ತೆ. ಈ ಹೆಪ್ಸಿಡಿನ್ ಕಬ್ಬಿಣದ ಬಾಗಿಲಿಗೆ ಬೀಗ ಹಾಕುತ್ತೆ, ಕರುಳಿಂದ ರಕ್ತಕ್ಕೆ ಬರೋ ಬಾಗಿಲಿಗೂ, ಮ್ಯಾಕ್ರೋಫೇಜ್‌ಗಳ ಒಳಗಿಂದ ಹೊರಗೆ ಬರೋ ಬಾಗಿಲಿಗೂ. ನಾಲ್ಕು ದಿನದ ಜ್ವರಕ್ಕೆ ಇದು ಬಹಳ ಒಳ್ಳೆ ಏರ್ಪಾಡು. ಆದ್ರೆ ರುಮಟಾಯ್ಡ್ ಅನ್ನೋದು ಮೇಲೆ ಹೇಳಿದ ಆಟೋಇಮ್ಯೂನ್ ಜಾತಿ, ಅಮ್ಮನ ಕೀಲಲ್ಲಿ ಬ್ಯಾಕ್ಟೀರಿಯಾನೇ ಇಲ್ಲ, ಏಳು ವರ್ಷದಿಂದ ಸುಳ್ಳು ಸೈರನ್ ಹೊಡ್ಕೋತಾ ಇದೆ, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಉಗ್ರಾಣ ತುಂಬಿದೆ, ಅಡುಗೆಮನೆಗೆ ಕಾಳು ಬರ್ತಿಲ್ಲ ಅಂದ್ಕೊಳ್ಳಿ, ರಕ್ತ ಮಾಡೋ ಮೂಳೆ ಮಜ್ಜೆಗೆ ಕಬ್ಬಿಣ ತಲುಪ್ತಿಲ್ಲ. ಬಾಯಲ್ಲಿ ನುಂಗಿದ ಮಾತ್ರೆ ಕರುಳಿನ ಬಾಗಿಲಲ್ಲೇ ನಿಂತುಬಿಡುತ್ತೆ. ಜೊತೆಗೆ ಫೆರಿಟಿನ್ ಕೂಡ ಉರಿಯೂತ ಇದ್ದಾಗ ತಾನೇ ಏರೋ ಜಾತಿ, ಅದಕ್ಕೇ 310 ನೋಡಿ ನಿಜವಾದ ಕೊರತೆ ಇಲ್ವೇ ಇಲ್ಲ ಅಂತ ಹೇಳೋಕಾಗಲ್ಲ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನು ಎಷ್ಟು ತುಂಬಿದೆ ಅನ್ನೋದನ್ನೂ ನೋಡಬೇಕು. ನೋವಿನ ಮಾತ್ರೆ ತಗೋತಾ ಇದ್ರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರ್ತಿದ್ಯಾ ಅಂತಾನೂ ಕೇಳಿ.

ನಿಜವಾದ ಔಷಧಿ ಮಾತ್ರ ಕೀಲಿನ ಕಡೆಯಿಂದ ಬರಬೇಕು. ಬೆಳಗ್ಗೆ ಒಂದು ಗಂಟೆ ಮುಷ್ಟಿ ಕಟ್ಟೋಕಾಗಲ್ಲ ಅಂದ್ರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತಲೇ ಅರ್ಥ. ಕೀಲಿನ ಒಳಪದರ ದಪ್ಪ ಆಗಿ ಮೃದ್ವಸ್ಥಿ, ಮೂಳೆ ಎರಡನ್ನೂ ಕೊರೀತಾ ಹೋಗುತ್ತೆ, ಕೊರೆದ ಮೂಳೆ ವಾಪಸ್ ಬರಲ್ಲ. ರುಮಟಾಲಜಿಸ್ಟ್ ಹತ್ರ ಡೋಸ್ ಬಗ್ಗೆ ಮತ್ತೆ ಮಾತಾಡಿ. ಮೆಥೊಟ್ರೆಕ್ಸೇಟ್ ಕೊಟ್ಟಿದ್ರೆ ಅದು ವಾರಕ್ಕೊಂದು ದಿನದ ಮಾತ್ರೆ, ದಿನಾ ಅಲ್ಲ, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ವಾರದ ಹೆಸರು ಬರೆದಿಡಿ, ಅದನ್ನ ದಿನಾ ನುಂಗಿದ್ರೆ ಪ್ರಾಣಕ್ಕೇ ಬರಬಹುದು. ಅದು ಸಾಲದಿದ್ರೆ ಟಿಎನ್‌ಎಫ್ ತಡೆಯೋ ಇಂಜೆಕ್ಷನ್‌ಗಳಿವೆ, 1990ರ ದಶಕದ ಕೊನೆಯಿಂದ ಬಳಕೆಯಲ್ಲಿವೆ. ಕೊಡೋ ಮುಂಚೆ ಟಿಬಿ ಪರೀಕ್ಷೆ ಮಾಡಿಸ್ತಾರೆ, ಬೇಡ ಅನ್ನಬೇಡಿ, ಮಲಗಿರೋ ಟಿಬಿ ಬ್ಯಾಕ್ಟೀರಿಯಾ ಸುತ್ತ ದೇಹ ಕಟ್ಟಿರೋ ಗೋಡೆ ನಿಂತಿರೋದು ಇದೇ ಟಿಎನ್‌ಎಫ್ ದಯದಿಂದ. ಕೀಲು ತಣ್ಣಗಾದ್ರೆ ಹೆಪ್ಸಿಡಿನ್ ಇಳಿದು, ಐರನ್ ಮಾತ್ರೆ ಇಲ್ಲದೇನೂ ಹೀಮೋಗ್ಲೋಬಿನ್ ಏರಿದ್ದನ್ನ ನಾನು ಎಷ್ಟೋ ಸಲ ನೋಡಿದೀನಿ.

ಪ್ರಶ್ನೆ: ಅಪ್ಪನಿಗೆ ಕೊಲೆಸ್ಟ್ರಾಲ್ ನಾರ್ಮಲ್ ಇತ್ತು, ಆದ್ರೂ ಹಾರ್ಟ್ ಅಟ್ಯಾಕ್ ಆಯ್ತು. ಹಾಗಾದ್ರೆ ಕೊಲೆಸ್ಟ್ರಾಲ್ ಅನ್ನೋದೆಲ್ಲ ಸುಳ್ಳು, ಇನ್‌ಫ್ಲಮೇಶನ್ನೇ ನಿಜವಾದ ಕಾರಣ ಅಂತ ವಿಡಿಯೋ ಒಂದರಲ್ಲಿ ಹೇಳಿದ್ರು. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬಿಡಿಸಬಹುದಾ?

ಉತ್ತರ: ಬಿಡಿಸಬೇಡಿ. ಆ ವಿಡಿಯೋದವರು ಅರ್ಧ ಸತ್ಯ ಹೇಳಿದ್ದಾರೆ, ಸುಳ್ಳಿಗಿಂತ ಅದು ಅಪಾಯ. ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಅದರ ಕಣಗಳು ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಕೆಟ್ಟುಹೋಗ್ತವೆ, ಅದನ್ನ ಎತ್ತಿಹಾಕೋಕೆ ಅಂತ ಮ್ಯಾಕ್ರೋಫೇಜ್‌ಗಳು ಬಂದು ತಿಂದು ತಿಂದು ಒಳಗೆಲ್ಲ ಕೊಬ್ಬಿನ ನೊರೆ ತುಂಬ್ಕೊಂಡು ಅಲ್ಲೇ ಸಿಕ್ಕಿಹಾಕ್ಕೋತವೆ, ಅವು ಸತ್ತಾಗ ಇನ್ನಷ್ಟು ಜನ ಬರ್ತಾರೆ. ಹೀಗೆ ಗೋಡೆಯೊಳಗೆ ಒಂದು ಗಡ್ಡೆ, ಮೇಲೊಂದು ಮುಚ್ಚಳ. ಉರಿಯೂತ ಜಾಸ್ತಿ ಇದ್ರೆ ಆ ಕಣಗಳು ಬಿಡೋ ಕಿಣ್ವಗಳು ಮುಚ್ಚಳವನ್ನೇ ತೆಳ್ಳಗೆ ಮಾಡ್ತವೆ, ಒಂದಿನ ಅದು ಹರಿದು, ಒಳಗಿನದು ರಕ್ತಕ್ಕೆ ತಾಗಿ, ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಾಳ ಮುಚ್ಚುತ್ತೆ. ಅಂದ್ರೆ ಸೌದೆ ಎಲ್‌ಡಿಎಲ್, ಬೆಂಕಿ ಉರಿಯೂತ. ಲ್ಯಾಬ್‌ನ ನಾರ್ಮಲ್ ಅಂದ್ರೆ ಸೌದೆ ಇಲ್ಲ ಅಂತಲ್ಲ.

ಬೆಂಕಿಯ ಪಾತ್ರ ಎಷ್ಟು ಅಂತ ತಿಳಿಯೋಕೆ 2017ರಲ್ಲಿ ಕ್ಯಾಂಟೋಸ್ ಅನ್ನೋ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮುಂಚೆ ಅಟ್ಯಾಕ್ ಆಗಿದ್ದ, ಹೆಚ್‌ಎಸ್-ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದ 10,000ಕ್ಕೂ ಜಾಸ್ತಿ ಜನಕ್ಕೆ ಕೆನಕಿನುಮಾಬ್ ಅಂತ ಉರಿಯೂತದ ಒಂದೇ ಒಂದು ಸಂದೇಶವನ್ನ ತಡೆಯೋ ಇಂಜೆಕ್ಷನ್ನೋ ಸುಳ್ಳು ಇಂಜೆಕ್ಷನ್ನೋ ಕೊಟ್ಟು ನೋಡಿದ್ರು. ಎಲ್‌ಡಿಎಲ್ ಇಳಿಯದೇ ಇದ್ರೂ 150 ಮಿಲಿಗ್ರಾಂ ಡೋಸಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸುಮಾರು ಶೇಕಡಾ 15 ಕಮ್ಮಿ ಆಯ್ತು. ಒಳ್ಳೇದೇ, ಆದ್ರೆ ಸೋಂಕಿನಿಂದ ಸತ್ತೋರು ಸ್ವಲ್ಪ ಜಾಸ್ತಿ ಆದ್ರು. ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚೋದು ಎಷ್ಟು ತಪ್ಪೋ, ಬೆಂಕಿ ಭಯಕ್ಕೆ ಒಲೆಯನ್ನೇ ಒಡೆದುಹಾಕೋದೂ ಅಷ್ಟೇ ತಪ್ಪು. ಆಮೇಲೆ ಗೌಟ್‌ಗೆ ಕೊಡೋ ಹಳೇ ಮಾತ್ರೆ ಕಾಲ್ಚಿಸಿನ್ ಸಣ್ಣ ಡೋಸಲ್ಲಿ ಕೆಲವು ಹೃದ್ರೋಗಿಗಳಿಗೆ ಉಪಯೋಗ ಅಂತ ಕಂಡು 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆನೂ ಸಿಕ್ತು, ಅದು ಸ್ಟ್ಯಾಟಿನ್ ಬದಲಿಗಲ್ಲ, ಜೊತೆಗೆ. ಕಿಡ್ನಿ ತೊಂದರೆ ಇದ್ರೆ ಅದು ಆಗಿಬರಲ್ಲ, ಕಾರ್ಡಿಯಾಲಜಿಸ್ಟ್ ಹೇಳದೆ ಮುಟ್ಟಬೇಡಿ.

ಪ್ರಶ್ನೆ: ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತೆ, ನೋವಿಲ್ಲ ಅಂತ ಸುಮ್ನಿದ್ದೆ. ಶುಗರ್ ಇರೋರಿಗೆ ಇದು ಒಳ್ಳೇದಲ್ಲ ಅಂತಾರೆ, ಹೌದಾ?

ಉತ್ತರ: ಹೌದು, ಮತ್ತೆ ಎರಡೂ ಕಡೆಯಿಂದ ಹೌದು. ಶುಗರ್ ಜಾಸ್ತಿ ಇದ್ರೆ ವಸಡು ಬೇಗ ಕೆಡುತ್ತೆ, ವಸಡಿನ ಉರಿಯೂತ ಇದ್ರೆ ಶುಗರ್ ಇಳಿಯೋಕೆ ಹಠ ಮಾಡುತ್ತೆ. ವಸಡಿನ ಚಿಕಿತ್ಸೆ ಮಾಡಿಸ್ಕೊಂಡೋರಲ್ಲಿ ಹೆಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಶುಗರ್ ಸರಾಸರಿ, ಸ್ವಲ್ಪ ಇಳಿಯೋದು ಕಂಡಿದೆ. ಹೋಗಿ ಕ್ಲೀನ್ ಮಾಡಿಸಿ ಮಾರಾಯ್ರೆ.

ಪ್ರಶ್ನೆ: ನನಗೆ ಕರುಳಿನ ಉರಿಯೂತ ಇದೆ, ಅಲ್ಸರೇಟಿವ್ ಕೊಲೈಟಿಸ್, ಒಂಬತ್ತು ವರ್ಷ ಆಯ್ತು. ಈಗ ಭೇದಿ ಕಮ್ಮಿ ಇದೆ, ಆದ್ರೆ ಸುಸ್ತು ಹೋಗಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ಸುತ್ತೆ. ಮನೆಯಲ್ಲಿ ಸೋಮಾರಿ ಅಂತಾರೆ. ಇನ್ನೊಂದು, ಇದು ಮುಂದೆ ಕ್ಯಾನ್ಸರ್ ಆಗುತ್ತಾ?

ಉತ್ತರ: ಈ ಪತ್ರ ಮನೆಯವರಿಗೂ ಓದೋಕೆ ಕೊಡಿ. ಜ್ವರ ಬಂದಾಗ ಎಲ್ಲರೂ ಹೊದ್ದು ಮಲಗ್ತೀವಿ, ಊಟ ಸೇರಲ್ಲ, ಯಾರಾದ್ರೂ ಮಾತಾಡ್ಸಿದ್ರೆ ಸಿಟ್ಟು ಬರುತ್ತೆ, ಅದನ್ನ ಯಾರೂ ಸೋಮಾರಿತನ ಅನ್ನಲ್ಲ. ಅದು ರೋಗಾಣು ಮಾಡಿದ್ದಲ್ಲ, ಉರಿಯೂತದ ಸಂದೇಶಗಳು ರಕ್ತದ ಮೂಲಕವೂ ವೇಗಸ್ ನರದ ಮೂಲಕವೂ ಮೆದುಳಿಗೆ ಹೋಗಿ "ಶಕ್ತಿ ಉಳಿಸು, ಮೂಲೆ ಸೇರು" ಅಂತ ಹೇಳಿದ್ದು. ಮುಂಚೆ ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡ್ತಿದ್ರು, ಅದೂ ಇಂಥದ್ದೇ ಒಂದು ಸಂದೇಶ, ಅದನ್ನ ತಗೊಂಡೋರಲ್ಲಿ ಎಷ್ಟೋ ಜನಕ್ಕೆ ಹಿಂದೆಂದೂ ಇಲ್ಲದ ಖಿನ್ನತೆ ಬಂದುಬಿಡ್ತಿತ್ತು. ಹಾಗಾಗಿ ನಿಮ್ಮ ಸುಸ್ತು ಕಲ್ಪನೆ ಅಲ್ಲ. ಭೇದಿ ಕಮ್ಮಿ ಆದ ಮಾತ್ರಕ್ಕೆ ಕರುಳಿನ ಒಳಪದರ ಮಾಯ್ದಿದೆ ಅಂತಲೂ ಅಲ್ಲ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಟೆಸ್ಟ್ ಮಾಡಿಸಿದ್ರೆ ಒಳಗಿನ ಪರಿಸ್ಥಿತಿ ತಿಳಿಯುತ್ತೆ. ರಕ್ತ, ಥೈರಾಯ್ಡ್, ಬಿ12 ಕೂಡ ನೋಡಿಸಿ. ಬೇಸರ ವಾರಗಟ್ಟಲೆ ಇದ್ರೆ ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಇದೆ, ಕರುಳು ಸರಿ ಹೋಗ್ಲಿ ಅಂತ ಕಾಯಬೇಡಿ.

ಕ್ಯಾನ್ಸರ್ ಬಗ್ಗೆ: ಹೆಚ್ಚಿನವರಿಗೆ ಆಗಲ್ಲ. ಆದ್ರೆ ವರ್ಷಗಟ್ಟಲೆ ಹುಣ್ಣಾಗಿ ಮಾಯ್ದು, ಮತ್ತೆ ಹುಣ್ಣಾಗಿ ಮಾಯ್ದು ಇರೋ ಜಾಗದಲ್ಲಿ ಕೋಶಗಳು ಸದಾ ಮರುಹುಟ್ಟು ಪಡೀತಾನೇ ಇರಬೇಕು, ಅಷ್ಟು ಸಲ ಡಿಎನ್‌ಎ ನಕಲು ಮಾಡುವಾಗ ತಪ್ಪು ಉಳಿಯೋ ಸಾಧ್ಯತೆ ಜಾಸ್ತಿ, ಮೇಲಿಂದ ರಕ್ಷಣಾ ಕಣಗಳು ಬಿಡೋ ಸುಡುವ ರಾಸಾಯನಿಕಗಳೂ ಡಿಎನ್‌ಎಗೆ ಪೆಟ್ಟು ಕೊಡ್ತವೆ. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಮಾಡೋದೂ ಇದನ್ನೇ, ಬ್ಯಾರಿ ಮಾರ್ಷಲ್ 1984ರಲ್ಲಿ ತಾನೇ ಆ ಬ್ಯಾಕ್ಟೀರಿಯಾ ಕುಡಿದು ಹೊಟ್ಟೆ ಉರಿಯೂತ ಬರಿಸ್ಕೊಂಡ ಪುಣ್ಯಾತ್ಮ, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಕೊಲೈಟಿಸ್ ಶುರುವಾಗಿ ಸುಮಾರು 8 ವರ್ಷ ಆದ್ಮೇಲೆ ಕೊಲೊನೋಸ್ಕೋಪಿ ಮಾಡಿ ನೋಡ್ಬೇಕು, ಆಮೇಲೂ ಡಾಕ್ಟ್ರು ಹೇಳಿದ ಅಂತರದಲ್ಲಿ ಮಾಡಿಸ್ತಾ ಇರ್ಬೇಕು. ನಿಮಗೆ ಒಂಬತ್ತಾಯ್ತು, ದಿನ ಗೊತ್ತು ಮಾಡ್ಕೊಳ್ಳಿ.

ಪ್ರಶ್ನೆ: ದಿನಾ ಒಂದು ನೋವಿನ ಮಾತ್ರೆ ತಗೊಂಡ್ರೆ ಇನ್‌ಫ್ಲಮೇಶನ್ ಬರದೇ ಇರುತ್ತಲ್ವಾ? ಇಲ್ಲಾಂದ್ರೆ ಆಂಟಿ-ಇನ್‌ಫ್ಲಮೇಟರಿ ಅಂತ ಮಾರೋ ಪುಡಿ, ಕ್ಯಾಪ್ಸೂಲ್ ಯಾವುದು ಒಳ್ಳೇದು?

ಉತ್ತರ: ಯಾವುದೂ ಬೇಡ. ಆಸ್ಪಿರಿನ್ ಜಾತಿಯ ಮಾತ್ರೆಗಳು ನೋವು, ಊತ ಹೆಚ್ಚಿಸೋ ಪ್ರೊಸ್ಟಗ್ಲ್ಯಾಂಡಿನ್ ಅನ್ನೋ ರಾಸಾಯನಿಕ ತಯಾರಾಗದಂಗೆ ಮಾಡ್ತವೆ, ಜಾನ್ ವೇನ್ ಅನ್ನೋ ವಿಜ್ಞಾನಿ 1971ರಲ್ಲಿ ತೋರಿಸಿದ್ದು ಅದನ್ನೇ. ಆದ್ರೆ ಅದೇ ಪ್ರೊಸ್ಟಗ್ಲ್ಯಾಂಡಿನ್ ಹೊಟ್ಟೆಯ ಒಳಪದರ ಕಾಯುತ್ತೆ, ಕಿಡ್ನಿಗೆ ರಕ್ತ ಹರಿಯೋಕೂ ಬೇಕು. ಕಾರಣ ಹಾಗೇ ಇಟ್ಕೊಂಡು ದಿನಾ ನುಂಗಿದ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಹೆಚ್ಚುವರಿ ಲಾಭ. ಪುಡಿಗಳ ಬಗ್ಗೆ ಕೇಳಲೇಬೇಡಿ, ಡಬ್ಬಿ ಮೇಲಿನ ಮಾತಿಗೂ ಒಳಗಿನ ಪುರಾವೆಗೂ ಬಹಳ ದೂರ. ನಡೀರಿ, ಓಡ್ರಿ, ಭಾರ ಎತ್ರಿ. ಕೆಲಸ ಮಾಡೋ ಸ್ನಾಯು ಕೂಡ ಐಎಲ್-6 ಬಿಡುತ್ತೆ, ಆಗ ಮಾತ್ರ ಅದು ಉಲ್ಟಾ ಕೆಲಸ ಮಾಡಿ ಟಿಎನ್‌ಎಫ್ ಅನ್ನ ತಗ್ಗಿಸುತ್ತೆ. ಒಂದೇ ಸಂದೇಶ, ಹೇಳೋರು ಯಾರು ಅನ್ನೋದರ ಮೇಲೆ ಅರ್ಥ ಬೇರೆ.

ಪ್ರಶ್ನೆ: ಮೈಯೆಲ್ಲ ಕೀಲುನೋವಿಗೆ ನಾಲ್ಕು ತಿಂಗಳಿಂದ ಪ್ರೆಡ್ನಿಸೊಲೋನ್ ತಗೋತಿದ್ದೆ. ನೋವು ಪೂರ್ತಿ ಹೋಯ್ತು, ಮುಖ ಊದ್ಕೊಂಡಿತ್ತು, ಸ್ಟೆರಾಯ್ಡ್ ಕೆಟ್ಟದ್ದು ಅಂತ ಎಲ್ಲರೂ ಹೆದರಿಸಿದ್ರು, ಸೋಮವಾರದಿಂದ ನಿಲ್ಲಿಸಿಬಿಟ್ಟೆ. ಎರಡು ದಿನದಿಂದ ತಲೆ ಸುತ್ತು, ವಾಂತಿ. ಗ್ಯಾಸ್ಟ್ರಿಕ್ ಇರಬಹುದಾ?

ಉತ್ತರ: ಇವರಿಗೆ ಅವತ್ತೇ ಫೋನ್ ಮಾಡಿ ಹೇಳಿದೀನಿ, ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕ್ತಿದೀನಿ. ನಮ್ಮ ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಮಾಡುತ್ತೆ, ಉರಿಯೂತ ಆರಿಸೋಕೆ ದೇಹಕ್ಕಿರೋ ದೊಡ್ಡ ನೀರಿನ ಟ್ಯಾಂಕು ಅದು. 1948ರಲ್ಲಿ ಫಿಲಿಪ್ ಹೆಂಚ್ ಅದರ ಜಾತಿಯ ಕಾರ್ಟಿಸೋನ್ ಅನ್ನ ರುಮಟಾಯ್ಡ್ ರೋಗಿಗೆ ಕೊಟ್ಟಾಗ ಕೆಲವೇ ದಿನದಲ್ಲಿ ಆದ ಬದಲಾವಣೆ ನೋಡಿ ಜಗತ್ತೇ ಬೆರಗಾಗಿ, 1950ರಲ್ಲಿ ನೊಬೆಲ್ಲೂ ಬಂತು, ಸಕ್ಕರೆ ಏರೋದು, ಮೂಳೆ ಸವೆಯೋದು ಎಲ್ಲ ನಿಧಾನಕ್ಕೆ ಗೊತ್ತಾಯ್ತು. ತಿಂಗಳುಗಟ್ಟಲೆ ಹೊರಗಿಂದ ಸಿಕ್ತಾ ಇದ್ರೆ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತೆ. ಮಾತ್ರೆಯನ್ನ ಗಕ್ಕನೆ ನಿಲ್ಲಿಸಿದ್ರೆ ಒಳಗಿಂದಲೂ ಇಲ್ಲ ಹೊರಗಿಂದಲೂ ಇಲ್ಲ, ಸುಸ್ತು, ವಾಂತಿ, ಬಿಪಿ ಕುಸಿಯೋದು, ಆ ಟೈಮಲ್ಲಿ ಒಂದು ಜ್ವರ ಬಂದ್ರೂ ಜೀವಕ್ಕೆ ಕುತ್ತು. ಇದು ಗ್ಯಾಸ್ಟ್ರಿಕ್ ಅಲ್ಲ. ಆಸ್ಪತ್ರೆಗೆ ಹೋದ್ರು, ಬಿಪಿ 84/50 ಇತ್ತಂತೆ, ಡ್ರಿಪ್ ಹಾಕಿ ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಸಂಜೆಗೆ ಎದ್ದು ಕೂತ್ರು. ಈಗ ಮತ್ತೆ ಅದೇ ಮಾತ್ರೆ, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸ್ತಿದ್ದಾರೆ, ಮುಗಿಯೋಕೆ ಇನ್ನೂ ಎರಡು ತಿಂಗಳು ಬೇಕು.